ಬಳ್ಳಾರಿಯಲ್ಲಿ ಬಾಡಿಗೆಗೆ ಇರುವುದು: 5ಕ್ಕೆ 3 ಸ್ಟಾರ್, ನೀರು ಬಂದ ದಿನ 4

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಮನೆ ಬಳ್ಳಾರಿಯಲ್ಲಿ ಮಾಡಲಾ, ಹೊಸಪೇಟೆಯಲ್ಲಿ ಮಾಡಲಾ? ಈ ಪ್ರಶ್ನೆ ನನ್ನ ಫೋನಿಗೆ ಬಂದಷ್ಟು ಬೇರೆ ಯಾರ ಫೋನಿಗೂ ಬಂದಿರಲಿಕ್ಕಿಲ್ಲ. ನಮ್ಮ ಮನೆಯವರು ಆ ಕಡೆಯೇ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಹೊಸದಾಗಿ ಸೇರಿದ ಹುಡುಗರೆಲ್ಲ "ಅಕ್ಕಾ, ನೀವೇ ಹೇಳಿ" ಅಂತ ನನ್ನ ಕೊರಳಿಗೆ ಬೀಳುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿದೆ. ಮಿಕ್ಸಿಗೂ ಮೊಬೈಲಿಗೂ ರಿವ್ಯೂ ಬರೆಯುತ್ತೇವಲ್ಲ, ತಿಂಗಳು ತಿಂಗಳು ಬಾಡಿಗೆ ಕಟ್ಟಿಸಿಕೊಳ್ಳುವ ಊರಿಗೂ ಒಂದು ಇರಲಿ ಅಂತ ಬರೆಯುತ್ತಿದ್ದೇನೆ.

ನಾನು ಹಗರಿಬೊಮ್ಮನಹಳ್ಳಿ ಕಡೆಯವಳು. ಮದುವೆಯಾದ ಮೇಲೆ ಇಲ್ಲಿಗೆ ಬಂದೆ, ಇಲ್ಲೇ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೊದಲು ಹಳೇ ಊರಿನ ಗಲ್ಲಿಯೊಂದರಲ್ಲಿ ಇದ್ದೆವು. ಈಗ ಊರಾಚೆ ಒಂದು ಹೊಸ ಲೇಔಟ್‌ನಲ್ಲಿ ಇದ್ದೇವೆ. ಎರಡು ಕಡೆಯೂ ಇದ್ದು ನೋಡಿದ್ದರಿಂದ ಒಂದು ಮಾತು ಧೈರ್ಯವಾಗಿ ಹೇಳಬಹುದು: ಬಳ್ಳಾರಿ ಅನ್ನೋದು ಒಂದು ಊರಲ್ಲ, ಎರಡು. ಒಂದರಲ್ಲಿ ಎಲ್ಲ ಸೌಕರ್ಯ ಇದೆ, ಜಾಗ ಇಲ್ಲ. ಇನ್ನೊಂದರಲ್ಲಿ ಬೇಕಾದಷ್ಟು ಜಾಗ ಇದೆ, ಸೌಕರ್ಯ ಇನ್ನೂ ದಾರಿಯಲ್ಲಿದೆ. ನೀವು ಯಾವುದಕ್ಕೆ ಬಾಡಿಗೆ ಕಟ್ಟುತ್ತಿದ್ದೀರಿ ಅನ್ನೋದರ ಮೇಲೆ ನಿಮ್ಮ ಸ್ಟಾರ್ ಏರುತ್ತೆ, ಇಳಿಯುತ್ತೆ.

ಹೀಗೆ ಎರಡಾಗಿದ್ದು ಯಾಕೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಹೊರಗಿನಿಂದ ಬರುವವರಿಗೆ ಸ್ವಲ್ಪ ಹೇಳುತ್ತೇನೆ. 2001ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3 ಲಕ್ಷದ ಮೇಲೆ ಸ್ವಲ್ಪ ಇತ್ತು. 2004ರಲ್ಲಿ ಮಹಾನಗರ ಪಾಲಿಕೆ ಆಯಿತು. 2011ಕ್ಕೆ 4 ಲಕ್ಷ ದಾಟಿತು. ನಡುವಿನ ಆ ಹತ್ತು ವರ್ಷವೇ ಅದಿರಿನ ಕಾಲ. ಚೀನಾದಲ್ಲಿ ಕಬ್ಬಿಣಕ್ಕೆ ಬೇಡಿಕೆ ಬಂತು, ಇಲ್ಲಿ ಸಂಡೂರಿನ ಗುಡ್ಡ ಲಾರಿ ಹತ್ತಿತು. ದುಡ್ಡು ಎಲ್ಲಿಂದ ಬಂತು ಅಂತ ಕೇಳುವವರೇ ಇಲ್ಲದ ಹಾಗೆ ಸೈಟಿನ ರೇಟು ಏರಿತು, ಹೊಲಗಳೆಲ್ಲ ಕಲ್ಲು ನೆಟ್ಟ ಪ್ಲಾಟ್‌ಗಳಾದವು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಕಲ್ಲು ನೆಟ್ಟ ಪ್ಲಾಟ್‌ಗಳು ಹಾಗೇ ಉಳಿದವು. 2013ರಲ್ಲಿ ಗಣಿಗಳು ಒಂದೊಂದಾಗಿ ಮತ್ತೆ ಶುರುವಾದವು, ಈ ಸಲ ಸ್ವಲ್ಪ ಹದ್ದುಬಸ್ತಿನಲ್ಲಿ. ಈಗ ಊರನ್ನು ಬೆಳೆಸುತ್ತಿರುವುದು ಬರೀ ಅದಿರಲ್ಲ. ತೋರಣಗಲ್ಲಿನ ಉಕ್ಕು, ಕುಡಿತಿನಿಯ ಕರೆಂಟು, ಊರೊಳಗಿನ ಜೀನ್ಸು, ಆಸ್ಪತ್ರೆ, ಕಾಲೇಜು ಎಲ್ಲ ಸೇರಿವೆ. 2021ರಲ್ಲಿ ಹೊಸಪೇಟೆ ಕಡೆ ವಿಜಯನಗರ ಜಿಲ್ಲೆ ಅಂತ ಬೇರೆ ಆದಾಗ ಬಳ್ಳಾರಿ ಬಡವಾಗುತ್ತೆ ಅಂದವರು ಬಹಳ ಇದ್ದರು. ಬಾಡಿಗೆ ಮಾತ್ರ ಒಂದು ರೂಪಾಯಿ ಇಳಿಯಲಿಲ್ಲ, ಅದೊಂದನ್ನು ಗ್ಯಾರಂಟಿಯಾಗಿ ಹೇಳಬಲ್ಲೆ.

ಮೊದಲು ಹಳೇ ಊರಿನ ಮನೆ. ಬ್ರೂಸ್‌ಪೇಟೆ, ಕೌಲ್ ಬಜಾರ್, ಸತ್ಯನಾರಾಯಣಪೇಟೆ, ಗಾಂಧಿನಗರ, ಈ ಕಡೆಗಳಲ್ಲಿ ಮನೆ ಸಿಕ್ಕರೆ ಗಾಡಿಯ ಕೀಲಿ ಮೊಳೆಗೆ ನೇತುಹಾಕಬಹುದು. ಕಿರಾಣಿ, ತರಕಾರಿ, ಮೆಡಿಕಲ್ ಶಾಪು, ಟೇಲರ್, ಸ್ಕೂಲು ಎಲ್ಲ ಕಾಲ ಬುಡದಲ್ಲಿ. ಮಗುವಿಗೆ ರಾತ್ರಿ ಜ್ವರ ಬಂದರೆ ನಡೆದೇ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಆದರೆ ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಾವು ಸೀನಬೇಕು. ಗೋಡೆಗೆ ಗೋಡೆ ಅಂಟಿದೆ, ಕಿಟಕಿ ಇದೆ, ತೆಗೆದರೆ ಎದುರು ಗೋಡೆ. ಬೈಕ್ ನಿಲ್ಲಿಸುವ ಜಾಗಕ್ಕೆ ದಿನಾ ಒಂದು ಸಣ್ಣ ಜಗಳ. ಮೇಲಿನ ಮಹಡಿ ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸ್ಲ್ಯಾಬ್ ಕಾದು ರಾತ್ರಿ ಎರಡು ಗಂಟೆಯಾದರೂ ಬಿಸಿ ಉಗುಳುತ್ತಾ ಇರುತ್ತೆ, ಹಾಸಿಗೆಗೆ ನೀರು ಚಿಮುಕಿಸಿಕೊಂಡು ಮಲಗಿದ್ದೂ ಇದೆ.

ಹೊಸ ಲೇಔಟ್‌ನ ಮನೆ ಇದಕ್ಕೆ ಪೂರ್ತಿ ಉಲ್ಟಾ. ಗಾಳಿ, ಬೆಳಕು, ಮುಂದೆ ಎರಡು ಕರಿಬೇವಿನ ಗಿಡ ಹಾಕುವಷ್ಟು ಮಣ್ಣು, ಮೇಲೆ ಹತ್ತಿದರೆ ಬಳ್ಳಾರಿ ಗುಡ್ಡ ಪೂರ್ತಿ ಕಾಣುತ್ತೆ. ಒಂದೇ ಬಂಡೆಯ ಆ ಗುಡ್ಡ, ಅದರ ಮೇಲಿನ ಕೋಟೆ, ಸಂಜೆ ಬಿಸಿಲಿನಲ್ಲಿ ನೋಡಬೇಕು. ಬಾಡಿಗೆ ಹಳೇ ಮನೆಯಷ್ಟೇ, ರೂಮು ಒಂದು ಜಾಸ್ತಿ. ಅಷ್ಟಕ್ಕೇ ಖುಷಿಯಾಗಿ ಅಡ್ವಾನ್ಸ್ ಕೊಡುವವರೇ ಎಲ್ಲ. ಬೀದಿ ದೀಪ ಯಾಕಿಲ್ಲ, ಕಸದ ಗಾಡಿ ಯಾಕೆ ಬರಲ್ಲ, ಚರಂಡಿ ಯಾಕೆ ಖಾಲಿ ಸೈಟಿನಲ್ಲಿ ಹೋಗಿ ನಿಲ್ಲುತ್ತೆ ಅಂತ ಬಂದ ಮೇಲೆ ಕೇಳಿದರೆ ಉತ್ತರ ಒಂದೇ: ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ. ಲೇಔಟ್ ಮಾಡಿದವರು ರಸ್ತೆ, ಒಳಚರಂಡಿ, ನೀರು, ದೀಪ ಎಲ್ಲ ಮಾಡಿ ಒಪ್ಪಿಸಬೇಕು. ಒಪ್ಪಿಸುವ ತನಕ ಅದು ಇತ್ತ ಅವರದೂ ಅಲ್ಲ, ಅತ್ತ ಪಾಲಿಕೆಯದೂ ಅಲ್ಲ. ನಮ್ಮ ಲೇಔಟ್‌ನಲ್ಲಿ ಸೈಟು ಮಾರಿ ಮುಗಿದ ಮೇಲೆ ಮಾರಿದವರು ಫೋನ್ ಎತ್ತುವುದನ್ನು ಬಿಟ್ಟರು. ಕಾಂಪೌಂಡಿನ ಕಮಾನು ಮಾತ್ರ ಭರ್ಜರಿ ಇದೆ, ಅದಕ್ಕೆ ಬಣ್ಣದ ಲೈಟು ಬೇರೆ.

ಬಾಡಿಗೆಗೆ ಬರುವವರಿಗೆ ಖಾತೆ, ಗೀತೆ ಯಾಕೆ ಅನ್ನಬೇಡಿ. ನಾಳೆ ಇಲ್ಲೇ ಒಂದು ಮನೆ ತಗೊಳ್ಳೋಣ ಅನ್ನಿಸಿಯೇ ಅನ್ನಿಸುತ್ತೆ, ಎಲ್ಲರಿಗೂ ಅನ್ನಿಸಿದೆ. ಆಗ ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಇದೆಯಾ, ಎನ್‌ಎ, ಅಂದರೆ ಹೊಲ ಕೃಷಿಯೇತರ ಜಮೀನು ಅಂತ ಆಗಿದೆಯಾ, ಖಾತೆ ಎ ನೋ ಬಿ ನೋ ಅಂತ ನೋಡಬೇಕು. ಬಿ ಖಾತೆಗೆ, ಅಂದರೆ ಕಾಗದಪತ್ರ ಪೂರ್ತಿ ಸರಿಯಿಲ್ಲದ ಆಸ್ತಿಗೆ, ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರೆ. "ಎಲ್ಲಾ ಆಗುತ್ತೆ ಮೇಡಂ" ಅಂತ ಬ್ರೋಕರ್ ಹೇಳಿದರೆ ಕಾಗದ ಕೈಗೆ ಬರಲಿ ಅನ್ನಿ.

ಈಗ ನೀರು. ನಾನು ಎರಡು ಸ್ಟಾರ್ ಕಳೆದದ್ದರಲ್ಲಿ ಒಂದೂವರೆ ಇದಕ್ಕೇ.

ತುಂಗಭದ್ರಾ ಡ್ಯಾಮು ಇರುವುದು 60 ಕಿ.ಮೀ. ಆಚೆ. 1953ರಿಂದ ಅದರ ಕಾಲುವೆಗಳು ಈ ಜಿಲ್ಲೆಯನ್ನು ಸಾಕಿವೆ. ಬಳ್ಳಾರಿಗೆ ಕುಡಿಯುವ ನೀರು ಬರುವುದೂ ಆ ಕಾಲುವೆಗಳಿಂದಲೇ. ಕಾಲುವೆಯಲ್ಲಿ ನೀರಿದ್ದಾಗ ಅಲ್ಲೀಪುರದ ಕೆರೆ ತುಂಬಿಸಿಟ್ಟುಕೊಳ್ಳುತ್ತಾರೆ, ಮೋಕಾ ಕಡೆಯೂ ಹಾಗೇ. ಕಾಲುವೆ ನಿಂತ ಮೇಲೆ ಬೇಸಿಗೆ ಪೂರ್ತಿ ಆ ಸಂಗ್ರಹದ ಮೇಲೇ ಊರು ನಡೆಯಬೇಕು. ಡ್ಯಾಮು ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಅದರ ಮೇಲೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಬಳ್ಳಾರಿಯಲ್ಲಿ ರೈತರಷ್ಟೇ ಅಲ್ಲ, ಗೃಹಿಣಿಯರೂ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಹೊಳೆಯಲ್ಲಿ ಹರಿದು ಹೋಗುತ್ತಿದ್ದುದು ನಮ್ಮ ಮಾರ್ಚ್ ತಿಂಗಳ ಸ್ನಾನದ ನೀರು. ನಂತರ ಮಳೆ ಬಂದು ಮತ್ತೆ ತುಂಬಿತು, ಬದುಕಿಕೊಂಡೆವು.

ಆದರೆ ದಿನದಿನದ ತೊಂದರೆ ಡ್ಯಾಮಿನದಲ್ಲ, ಪೈಪಿನದು. ಊರು ಹಬ್ಬಿದ ವೇಗಕ್ಕೆ ಪೈಪು ಹಬ್ಬಿಲ್ಲ. ಹಾಗಾಗಿ ಸರದಿ. ಈ ಬಡಾವಣೆಗೆ ಇವತ್ತು, ಆ ಬಡಾವಣೆಗೆ ನಾಳೆ, ನಮ್ಮ ಕಡೆಗೆ ವಾರಕ್ಕೊಮ್ಮೆ ಅಂತ ಲೆಕ್ಕ, ಬೇಸಿಗೆಯಲ್ಲಿ ಆ ವಾರ ಉದ್ದ ಆಗುತ್ತೆ. ಬಿಡುವ ಹೊತ್ತು ಇಂಥದ್ದೇ ಅಂತಿಲ್ಲ. ಬೀದಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರೋ ಒಬ್ಬರು "ನೀರು ಬಂತು" ಅಂತ ಎರಡೇ ಪದ ಹಾಕುತ್ತಾರೆ. ಗುಡ್ ಮಾರ್ನಿಂಗ್ ಫೋಟೋಗೆ ತಿರುಗಿಯೂ ನೋಡದ ಜನ ಆ ಎರಡು ಪದಕ್ಕೆ ಮಧ್ಯರಾತ್ರಿ ಎದ್ದು ಕೂತಿರುತ್ತಾರೆ. ಮೊದಲು ಬರುವುದು ಕೆಂಪು ನೀರು. ಅದನ್ನು ಬಕೆಟ್‌ಗೆ ಹಿಡಿದು ಗಿಡಕ್ಕೆ, ಬಾಗಿಲು ತೊಳೆಯಲು ಇಟ್ಟುಕೊಳ್ಳಬೇಕು. ಬಣ್ಣ ತಿಳಿಯಾದ ಮೇಲೆ ಪೈಪನ್ನು ನೆಲದೊಳಗಿನ ಸಂಪಿನ ಕಡೆ ತಿರುಗಿಸಬೇಕು. ಸಂಪು ಅರ್ಧ ತುಂಬಿದ ಮೇಲೆ ಮೋಟರ್ ಹಾಕಿ ಮೇಲಿನ ಸಿಂಟೆಕ್ಸ್ ತುಂಬಿಸಿಕೊಂಡರೆ ಸಂಪಿನಲ್ಲಿ ಮತ್ತೆ ಜಾಗ ಆಗುತ್ತೆ, ಅಷ್ಟು ಜಾಸ್ತಿ ಹಿಡಿಯಬಹುದು. ಅಷ್ಟರೊಳಗೆ ಕರೆಂಟ್ ಹೋಯಿತೋ, ಮುಗಿಯಿತು ಕಥೆ. ಕೆಲವರು ನೇರ ನಲ್ಲಿಗೇ ಮೋಟರ್ ಹಾಕಿ ಎಳೆಯುತ್ತಾರೆ, ಅವರ ಪಕ್ಕದ ಮನೆಗೆ ಬರೀ ಗಾಳಿ ಬರುತ್ತೆ. ನಮ್ಮ ಬೀದಿಯಲ್ಲಿ ಮಾತು ಬಿಟ್ಟವರೆಲ್ಲ ಈ ಕಾರಣಕ್ಕೇ ಬಿಟ್ಟವರು.

ಕುಡಿಯೋಕೆ ಈ ನೀರನ್ನು ಯಾರೂ ನೆಚ್ಚುವುದಿಲ್ಲ. ಶುದ್ಧ ನೀರಿನ ಘಟಕಕ್ಕೆ ಹೋಗಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಸ್ಕೂಟಿ ಮುಂದೆ ಇಟ್ಟುಕೊಂಡು ಬರಬೇಕು. ಸಂಪು ಖಾಲಿಯಾದರೆ ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರ್‌ನವನಿಗೆ ಎಂಎಲ್‌ಎಗಿಂತ ಜಾಸ್ತಿ ಫೋನ್ ಹೋಗುತ್ತೆ, ರೇಟೂ ಅವನದೇ. ಬೋರ್ ಇದ್ದ ಮನೆ ಸಿಕ್ಕರೆ ಪುಣ್ಯ, ಆದರೆ ಆ ನೀರಿಗೆ ಉಪ್ಪು ಜಾಸ್ತಿ. ಗೀಜರ್ ಬೇಗ ಹಾಳಾಗುತ್ತೆ, ಬೇಳೆ ಬೇಯುವುದಿಲ್ಲ, ತಲೆಗೂದಲ ವಿಷಯ ಬೇಡ ಬಿಡಿ. ಬಾಡಿಗೆ ಅಗ್ಗ ಅಂತ ಬಂದವರು ಮಾರ್ಚ್‌ನಿಂದ ಜೂನ್‌ವರೆಗೆ ಟ್ಯಾಂಕರ್‌ಗೆ ಕೊಟ್ಟಿದ್ದನ್ನು ಬಾಡಿಗೆಗೆ ಕೂಡಿಸಿ ನೋಡಿ, ಊರೊಳಗಿನ ಮನೆಯೇ ಅಗ್ಗ ಅನ್ನಿಸಬಹುದು.

ಬಿಸಿಲಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಕೇಳಿಯೇ ಇರುತ್ತೀರಿ. 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕೂಲರ್ ಇಲ್ಲದೆ ಬೇಸಿಗೆ ಕಳೆಯುವುದಿಲ್ಲ, ಕೂಲರ್‌ಗೂ ನೀರು ಬೇಕು ಅನ್ನೋದನ್ನು ಮರೆಯಬೇಡಿ. ಎಸಿ ಹಾಕಿದರೆ ಗೃಹಜ್ಯೋತಿ ಕೈ ತಪ್ಪುತ್ತೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇನ್ನೊಂದು ತಮಾಷೆ ಏನಂದ್ರೆ ಕುಡಿತಿನಿಯಲ್ಲಿ 1,700 ಮೆಗಾವ್ಯಾಟ್‌ನ ಥರ್ಮಲ್ ಸ್ಥಾವರ ಇದೆ, ನಮ್ಮ ಬಸ್ಸಿನ ಕಿಟಕಿಯಿಂದಲೇ ಅದರ ಚಿಮಣಿ ಕಾಣುತ್ತೆ. ಆದರೂ ಮೇ ತಿಂಗಳ ಸಂಜೆ ಗಾಳಿ ಎದ್ದರೆ ಮೊದಲು ಹೋಗುವುದು ನಮ್ಮ ಮನೆಯ ಫ್ಯಾನು.

ಇಷ್ಟೆಲ್ಲ ಬೈದ ಮೇಲೂ ಮೂರು ಸ್ಟಾರ್ ಯಾಕೆ ಕೊಟ್ಟೆ? ಒಂದು, ಹೊತ್ತು ಉಳಿಯುತ್ತೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಬೆಳಗ್ಗೆ ಏಳೂವರೆಗೆ ಮನೆ ಬಿಡುತ್ತಾಳೆ, ಮಗು ಎದ್ದಿರುವುದಿಲ್ಲ. ವಾಪಸ್ ಬರುವಾಗ ಮಗು ಮಲಗಿರುತ್ತೆ. ನಾನು ಮಗನನ್ನು ಸ್ಕೂಲಿಗೆ ಬಿಟ್ಟು, ಬಟ್ಟೆ ಒಣಗಲು ಹಾಕಿ, ಆಮೇಲೆ ಹೊರಟರೂ ಆಫೀಸಿಗೆ ಮುಂಚೆಯೇ ಮುಟ್ಟುತ್ತೇನೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬರುವವರು ನಮ್ಮ ಆಫೀಸಿನಲ್ಲಿ ಇನ್ನೂ ಇದ್ದಾರೆ. ರಾಯಲ್ ಸರ್ಕಲ್‌ನಿಂದ ಯಾವ ಮೂಲೆಗೆ ಹೊರಟರೂ ಸ್ಕೂಟಿಯಲ್ಲಿ ಊರು ಬೇಗ ಮುಗಿಯುತ್ತೆ.

ಮಧ್ಯೆ ರೈಲು ಬರದಿದ್ದರೆ. ಹೊಸಪೇಟೆಯಿಂದ ಗುಂತಕಲ್ ಕಡೆಗೆ ಹೋಗುವ ಲೈನು ಊರೊಳಗೇ ಹಾದುಹೋಗಿದೆ, ಅದಿರು, ಕಲ್ಲಿದ್ದಲಿನ ಗೂಡ್ಸು ಒಂದರ ಹಿಂದೆ ಒಂದು. ಸುಧಾ ಕ್ರಾಸ್ ಗೇಟಿನಲ್ಲಿ ಕಾದವರಿಗೆ ಡಬ್ಬಿ ಎಣಿಸುವ ಅಭ್ಯಾಸ ತಾನಾಗಿ ಬಂದಿದೆ. ಗೇಟು ಬೇಡ ಅಂತ ಕೆಳಗಿನಿಂದ ಹೋದರೆ ಅಂಡರ್‌ಪಾಸ್, ಒಂದು ಜೋರು ಮಳೆಗೆ ಅದು ಕೆರೆ. ವರ್ಷಕ್ಕೆ ಮಳೆ ಬೀಳುವುದೇ ಕಡಿಮೆ, ಬಿದ್ದ ದಿನ ಊರು ಎರಡು ಹೋಳು. ಸಿಟಿ ಬಸ್ಸು ಇದೆ, ಆದರೆ ಹೊಸ ಲೇಔಟ್‌ಗಳ ಹತ್ತಿರ ಅದನ್ನು ನಂಬಿ ಕೆಲಸಕ್ಕೆ ಹೋಗುವುದು ಆಗದ ಮಾತು. ಆಟೋಕ್ಕೆ ಮೀಟರ್ ಅನ್ನೋದು ಇಲ್ಲಿ ಅಲಂಕಾರ. "ಎಷ್ಟಣ್ಣಾ?" ಅಂತ ಕೇಳಬೇಕು, ಅವನು ಹೇಳಿದ್ದಕ್ಕೆ "ಅಯ್ಯೋ, ನಾವೂ ಇಲ್ಲಿಯವರೇ" ಅನ್ನಬೇಕು, ಆಮೇಲೆ ನಿಜವಾದ ರೇಟು ಹೊರಗೆ ಬರುತ್ತೆ. ಹೆಂಗಸರಿಗೆ 2023ರ ಜೂನ್‌ನಿಂದ ಬಸ್ಸು ಫ್ರೀ ಆಗಿದ್ದರಿಂದ ಊರಿಗೆ ಹೋಗಿಬರುವ ಖರ್ಚು ಪೂರ್ತಿ ಉಳಿದಿದೆ. ಸೀಟಿನ ಆಸೆ ಮಾತ್ರ ಬಿಟ್ಟಿದ್ದೇನೆ.

ಹೊಸಪೇಟೆ ರಸ್ತೆಯಲ್ಲಿ ಓಡಾಡುವವರು ಹುಷಾರಾಗಿರಿ. ಅದೇ ಹೆದ್ದಾರಿ 67, ನಮ್ಮ ಬಾಯಲ್ಲಿ ಇನ್ನೂ 63. ನಾಲ್ಕು ಪಥ ಆಗುತ್ತೆ ಅಂತ ಕೇಳುತ್ತಾ ಕೇಳುತ್ತಾ ಮಕ್ಕಳು ದೊಡ್ಡವರಾದರು. ರಾತ್ರಿ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುವ ಹುಡುಗರಿಗೆ ನನ್ನ ಒಂದೇ ಮಾತು, ಕಂಪನಿ ಬಸ್ಸಿನಲ್ಲಿ ಬನ್ನಿ. ಲಾರಿಗಳ ಮಧ್ಯೆ ನಿಮ್ಮ ಬೈಕ್ ಲೆಕ್ಕಕ್ಕೇ ಇಲ್ಲ.

ಬೆಂಗಳೂರಿಗೆ ಮಾತ್ರ ಹಂಪಿ ಎಕ್ಸ್‌ಪ್ರೆಸ್ ಇರುವ ತನಕ ಚಿಂತೆ ಇಲ್ಲ. ರಾತ್ರಿ ಊಟ ಮಾಡಿ ಹತ್ತಿ, ಗುಂತಕಲ್ ಮೇಲೆ ಹಾಯ್ದು ಬೆಳಗ್ಗೆ ಬೆಂಗಳೂರು. ಟಿಕೆಟ್ ಮೊದಲೇ ಮಾಡಿಸಿರಬೇಕು ಅಷ್ಟೆ. ವಿಮಾನ ಹತ್ತುವವರಿಗೆ ತೋರಣಗಲ್ಲಿನ ವಿದ್ಯಾನಗರದಲ್ಲಿ ಸಣ್ಣ ನಿಲ್ದಾಣ ಇದೆ. ಬಳ್ಳಾರಿಗೇ ಒಂದು ಅಂತ ಚಾಗನೂರು, ಸಿರವಾರದ ಕಡೆ ರೈತರ ಜಮೀನು ತಗೊಂಡರು, ಅಲ್ಲಿ ವಿಮಾನ ಇಳಿಯಲಿಲ್ಲ.

ಎರಡನೇ ಕಾರಣ ಊಟ. ಇದಕ್ಕೆ ಐದಕ್ಕೆ ಐದು. ಬೆಳಗ್ಗೆ ಗಾಡಿಯ ಮುಂದೆ ನಿಂತು ಒಗ್ಗರಣೆ ಮಿರ್ಚಿ ತಿನ್ನಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಎಣ್ಣೆಯಿಂದ ಈಗಷ್ಟೇ ಎದ್ದ ಎರಡು ಮಿರ್ಚಿ. ಕೆಲವರು ಉಗ್ಗಾಣಿ ಅನ್ನುತ್ತಾರೆ, ತಟ್ಟೆ ಒಂದೇ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೊಸರು. ರೊಟ್ಟಿ ಬಡಿಯುವ ಅಮ್ಮ ಒಳಗಿನಿಂದಲೇ "ಇನ್ನೊಂದು ಹಾಕಲೇನಪ್ಪಾ" ಅಂತ ಕೂಗುವ ಖಾನಾವಳಿ ಸಿಕ್ಕರೆ ಬಿಡಬೇಡಿ, ತಿಂಗಳ ಲೆಕ್ಕ ಬರೆಸಿಬಿಡಿ. ಬಿರಿಯಾನಿಗೆ ಕೌಲ್ ಬಜಾರ್. ಅನ್ನದ ಅಕ್ಕಿ ಸಿರುಗುಪ್ಪದಿಂದ ಬರುತ್ತೆ, ಸೋನಾ ಮಸೂರಿ ತಿಂದು ರೂಢಿಯಾದ ಮೇಲೆ ಬೇರೆ ಊರಿನ ಅಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ. ಈಗ ಹೊಸ ರಸ್ತೆಗಳಲ್ಲಿ ಪಿಜ್ಜಾ, ಬರ್ಗರ್, ಕೆಫೆಗಳೂ ಬಂದಿವೆ. ಬೆಂಗಳೂರಿನ ರೇಟು, ಬಳ್ಳಾರಿಯ ಸರ್ವಿಸ್. ಒಮ್ಮೆ ಹೋಗಿ ಸೆಲ್ಫಿ ತೆಗೆದುಕೊಂಡು ಬನ್ನಿ, ಊಟಕ್ಕೆ ಖಾನಾವಳಿಗೆ ಹೋಗಿ.

ಆಸ್ಪತ್ರೆ ಮತ್ತು ಓದು, ಇವೆರಡೂ ಊರು ಬೆಳೆದಿದ್ದರ ನಿಜವಾದ ಲಾಭ. ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು 1961ರದ್ದು. ಜಿಲ್ಲೆಯವರಷ್ಟೇ ಅಲ್ಲ, ಗಡಿಯಾಚೆ ಆಂಧ್ರದ ರಾಯದುರ್ಗ, ಆಲೂರು, ಆದೋನಿ ಕಡೆಯಿಂದಲೂ ಜನ ಅಲ್ಲಿಗೇ ಬರುತ್ತಾರೆ. ಹಾಗಾಗಿ ಓಪಿಡಿ ಸಾಲು ಹೇಗಿರುತ್ತೆ ಅಂತ ಊಹಿಸಿಕೊಳ್ಳಿ. ಆದರೆ ಮಧ್ಯರಾತ್ರಿ ಆಕ್ಸಿಡೆಂಟ್ ಆದರೆ, ಹೆರಿಗೆ ಕಷ್ಟ ಆದರೆ, ಬೆಂಗಳೂರು, ಹುಬ್ಬಳ್ಳಿ ಅಂತ ಓಡಬೇಕಾಗಿಲ್ಲ ಅನ್ನೋದು ಹಳ್ಳಿಯಿಂದ ಬಂದ ನನಗೆ ಬಹಳ ದೊಡ್ಡದು. 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದಿದ್ದರಿಂದ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಎಂಎ, ಎಂಕಾಂ ಮುಗಿಸಿದ್ದಾರೆ, ಧಾರವಾಡಕ್ಕೆ ಕಳಿಸುವುದಾಗಿದ್ದರೆ ಮನೆಯಲ್ಲಿ ಬಿಡುತ್ತಿರಲಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ಹೊರಗಿನಿಂದ ಬಂದವರು ಇದಕ್ಕೆ ಅರ್ಹರಾಗಲು ವರ್ಷಗಟ್ಟಲೆ ಇಲ್ಲೇ ಇರಬೇಕು, ಬಂದ ತಕ್ಷಣ ಸಿಗುತ್ತೆ ಅಂದುಕೊಳ್ಳಬೇಡಿ.

ಕೆಲಸದ ವಿಷಯ. ಉಕ್ಕಿನ ಕಾರ್ಖಾನೆ, ಕರೆಂಟಿನ ಕಾರ್ಖಾನೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಹಳೇ ಮನೆಯಲ್ಲಿದ್ದಾಗ ನಾನು ದಿನಾ ನೋಡಿದ್ದು ಜೀನ್ಸು. ಬೆಳಗ್ಗೆ ಹತ್ತರ ಹೊತ್ತಿಗೆ ಒಬ್ಬ ಹುಡುಗ ಟಿವಿಎಸ್ ಮೇಲೆ ತನಗಿಂತ ಎತ್ತರದ ಗಂಟು ಹೇರಿಕೊಂಡು ಬರುತ್ತಿದ್ದ. ಎದುರು ಮನೆಯ ಅತ್ತೆ, ಸೊಸೆ, ಸ್ಕೂಲು ಮುಗಿದ ಮೇಲೆ ಮೊಮ್ಮಗಳೂ ಕೂತು ಒಂದೊಂದೇ ಪ್ಯಾಂಟು ತಿರುವಿ ಹಾಕಿ ಜೋಲುವ ದಾರ ಕತ್ತರಿಸುತ್ತಿದ್ದರು. ಸಂಜೆ ಹೊತ್ತಿಗೆ ಅತ್ತೆಯ ಹೆಬ್ಬೆರಳು, ಉಗುರಿನ ಸಂದಿ ಎಲ್ಲ ನೀಲಿ, ಆ ಕೈಯಲ್ಲೇ ನನಗೆ ಚಹಾ ಕೊಡುತ್ತಿದ್ದರು. ಪೀಸಿಗೆ ಇಷ್ಟು ಅಂತ ಲೆಕ್ಕ, ಮಾಡಿದಷ್ಟು ದುಡ್ಡು. ಕತ್ತರಿಸುವವರು ಒಂದು ಕಡೆ, ಹೊಲಿಯುವವರು ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ, ಗುಂಡಿ, ಇಸ್ತ್ರಿ, ಪ್ಯಾಕಿಂಗ್ ಬೇರೆ ಬೇರೆ. ಒಂದು ಪ್ಯಾಂಟು ಅಂಗಡಿ ಮುಟ್ಟುವುದರೊಳಗೆ ಅರ್ಧ ಬಳ್ಳಾರಿ ಸುತ್ತಿರುತ್ತೆ. ಮನೆ ಬಿಟ್ಟು ಹೊರಗೆ ಹೋಗಲಾಗದ ಹೆಂಗಸರ ಕೈಗೆ ಇಲ್ಲಿ ನಾಲ್ಕು ಕಾಸು ಬರುತ್ತೆ ಅಂದರೆ ಅದು ಹೆಚ್ಚಾಗಿ ಇದರಿಂದ. ದರ ಕಡಿಮೆ, ರಜೆ ಇಲ್ಲ, ಪಿಎಫ್ ಇಲ್ಲ, ಸೀಸನ್ ಬಿದ್ದರೆ ಗಂಟೂ ಬರಲ್ಲ, ಅದೂ ನಿಜ. ವಾಷಿಂಗ್‌ನ ನೀಲಿ ನೀರು ಶುದ್ಧ ಆಗದೆ ಚರಂಡಿಗೆ ಹೋಗುವ ರಗಳೆ ಹಳೆಯದು. ನೀರಿಗೆ ಕಾಯುವ ಊರಿನಲ್ಲೇ ನೀರು ಕುಡಿಯುವ ಉದ್ಯಮ ಬೆಳೆದಿದೆ. ಯಾರನ್ನು ಬೈಯುವುದು? ಎದುರು ಮನೆ ಅತ್ತೆಯ ಚಹಾ ಕುಡಿದವಳು ನಾನು, ಮುಚ್ಚಿಸಿ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ನೀರು ಶುದ್ಧ ಮಾಡುವ ಒಂದು ದೊಡ್ಡ ಘಟಕ ಕಟ್ಟಿಸಿ ಅನ್ನಬಲ್ಲೆ.

ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ, ಅದೇ ನನ್ನ ಸಿಟ್ಟು. 2015ರ ಕಾನೂನಿನ ಪ್ರಕಾರ ಗಣಿಯವರು ಕಟ್ಟುವ ರಾಯಲ್ಟಿಯ ಮೇಲೆ, ಹಳೇ ಗುತ್ತಿಗೆಯಾದರೆ ಶೇ 30, ಹರಾಜಿನದಾದರೆ ಶೇ 10, ಜಿಲ್ಲಾ ಖನಿಜ ನಿಧಿಗೆ ಬರಬೇಕು. ಗಣಿಯಿಂದ ತೊಂದರೆಯಾದ ಜನರಿಗೆ, ಅದರಲ್ಲೂ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಅಂತಲೇ ಇರುವ ದುಡ್ಡು. ಬೇರೆ ಜಿಲ್ಲೆಯವರು ಹೊಟ್ಟೆಕಿಚ್ಚು ಪಡುವಷ್ಟು ಬರುತ್ತೆ ಇಲ್ಲಿಗೆ. ಸರ್ಕಲ್ಲುಗಳು ಥಳಥಳ ಅನ್ನುತ್ತವೆ, ಡಿವೈಡರ್‌ಗೆ ಹೂಗಿಡ ಬಂದಿವೆ, ನೋಡೋಕೆ ಚೆಂದ. ಆದರೆ 39 ವಾರ್ಡುಗಳ ಯಾವುದೇ ಮನೆಯ ಹೆಂಗಸನ್ನು ನಿಲ್ಲಿಸಿ ಕೇಳಿ, ಮೊದಲು ಏನು ಬೇಕು ಅಂತ. ಹೂಗಿಡ ಅನ್ನುವುದಿಲ್ಲ.

ಜನ ಹೇಗೆ ಅಂತ ಕೇಳುವವರಿಗೆ: ಒಳ್ಳೆಯವರು, ಗಂಟಲು ಸ್ವಲ್ಪ ದೊಡ್ಡದು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯಲ್ಲಿ ಕೇಳುತ್ತವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಎಳೆದರು, ಬೀಗತನ ಹಾಗೇ ಉಳಿಯಿತು. ಹಾಗಾಗಿ ಹೊರಗಿನವರು ಅಂತ ಯಾರನ್ನೂ ದೂರ ಇಡುವ ಪದ್ಧತಿ ಇಲ್ಲಿ ಕಡಿಮೆ. ಬಾಡಿಗೆ ಮನೆ ಕೇಳಲು ಹೋದಾಗ ಮಾತ್ರ ಜಾತಿ, ಊಟ ಎಲ್ಲ ಕೇಳುತ್ತಾರೆ, ಅದರಲ್ಲಿ ಬೆಂಗಳೂರಿಗೂ ಬಳ್ಳಾರಿಗೂ ವ್ಯತ್ಯಾಸ ಕಾಣಲಿಲ್ಲ. ಸಂಜೆ ಹೊತ್ತು ಕಳೆಯಲು ಮಾಲು, ಮೋಜು ಜಾಸ್ತಿ ಇಲ್ಲ. ನಾಟಕದ ಹುಚ್ಚಿದ್ದವರಿಗೆ ರಾಘವ ಕಲಾಮಂದಿರ ಇದೆ, ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರ ಇದೆ. ಹೊಸ ಲೇಔಟ್‌ನ ಎಷ್ಟೋ ಜನಕ್ಕೆ ಇವೆಲ್ಲಿವೆ ಅಂತಲೇ ಗೊತ್ತಿಲ್ಲ, ಶನಿವಾರ ಬಂತೆಂದರೆ ಹಂಪಿ ಇಲ್ಲವೇ ಸಂಡೂರಿಗೆ ಕಾರು ಹೊರಡಿಸುತ್ತಾರೆ. ಮಳೆಗಾಲದಲ್ಲಿ ಸಂಡೂರು ನೋಡಿದರೆ ಇದೇ ಜಿಲ್ಲೆಯಾ ಅನ್ನಿಸುತ್ತೆ, ಅದು ಬೇರೆ ವಿಷಯ.

ಈಗ ಮೊದಲಿನ ಪ್ರಶ್ನೆ. ತೋರಣಗಲ್ಲು ಎರಡೂ ಊರಿಗೆ ನಡುವೆ, ಆ ಕಡೆಗೂ ಈ ಕಡೆಗೂ 30 ಕಿ.ಮೀ. ಆಸುಪಾಸು. ಒಬ್ಬನೇ ಇರುವ ಹುಡುಗನಾದರೆ ಹೊಸಪೇಟೆಯೋ ಬಳ್ಳಾರಿಯೋ ಏನೂ ಫರಕಿಲ್ಲ, ಕಂಪನಿ ಬಸ್ಸು ನಿಲ್ಲುವ ಕಡೆ ಒಂದು ರೂಮು ನೋಡಿಕೋ ತಮ್ಮಾ, ಸಾಕು. ಹೆಂಡತಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇದ್ದರೆ ಆಸ್ಪತ್ರೆ, ಸ್ಕೂಲಿಗೋಸ್ಕರ ಬಳ್ಳಾರಿಯೇ ಇರಲಿ, ಅದೂ ಆದಷ್ಟು ಹಳೇ ಬಡಾವಣೆಯಲ್ಲಿ, ರೂಮು ಸಣ್ಣದಾದರೂ ಸರಿ. ಹೆಂಡತಿಗೂ ಕೆಲಸ ಬೇಕಾದರೆ ಬಳ್ಳಾರಿಯಲ್ಲಿ ಸಿಗುವ ಅವಕಾಶ ಜಾಸ್ತಿ. ಧೂಳಿಗೆ ಆಗದವರು, ಅಸ್ತಮಾ ಇರುವವರು ಹೊಸಪೇಟೆ ರಸ್ತೆಯ ಬದಿಗೆ ಮನೆ ಮಾಡಲೇಬೇಡಿ. ಸೈಟು ತಗೊಂಡು ದುಡ್ಡು ಎರಡು ಪಟ್ಟು ಮಾಡುವ ಯೋಚನೆ ಇದ್ದರೆ 2011ರ ನಂತರ ಕೈಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ, ಮೊದಲು ಅವರ ಜೊತೆ ಕೂತು ಒಂದು ಚಹಾ ಕುಡಿಯಿರಿ.

ಮನೆ ನೋಡಲು ಜನವರಿಯ ತಂಪಿನಲ್ಲಿ ಬರಬೇಡಿ, ಆಗ ಎಲ್ಲ ಮನೆಯೂ ಚೆನ್ನಾಗೇ ಕಾಣುತ್ತೆ. ಏಪ್ರಿಲ್‌ನಲ್ಲಿ ಬನ್ನಿ, ಮಧ್ಯಾಹ್ನ ಮೂರು ಗಂಟೆಗೆ. ಓನರ್ ಹಾಲ್, ಅಡುಗೆಮನೆ, ದೇವರಮನೆ ತೋರಿಸುತ್ತಾರೆ. ನೀವು ಸಂಪಿನ ಮುಚ್ಚಳ ತೆಗೆಸಿ, ಎಷ್ಟು ಲೀಟರಿನದು, ಒಬ್ಬರದೇನಾ, ಮೇಲಿನ ಮನೆಯವರಿಗೂ ಪಾಲಿದೆಯಾ ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ ಅಂತ ಓನರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. ಟ್ಯಾಂಕರ್‌ನವನ ನಂಬರನ್ನೂ ಅವರ ಹತ್ತಿರವೇ ಇಸ್ಕೊಳ್ಳಿ, ಅಡ್ವಾನ್ಸ್ ಕೊಡೋಕೆ ಮುಂಚೆ.